ಬಾಗಿಲು ಹಾಕಿದ್ದೀರಾ? ಖಾಲಿ ಪಟ್ಟಿಯನ್ನು ನಂಬಬೇಡಿ!

(ಕಂಪ್ಯೂಟರ್ ಕೆಲಸದಲ್ಲಿರುವ ಯುವಕ ಯುವತಿಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಪಠ್ಯ)



ಅಂದು ಕೂಟಕ್ಕೆ ಬಂದಿದ್ದವರು ಮೂವತ್ತು ಮಂದಿ ಇರಬಹುದು. ಈ ಹಾಳೆಯನ್ನು ಬಸ್ಸಿನಲ್ಲೋ ಕ್ಯಾಂಟೀನಿನಲ್ಲೋ ಬಿಡಿಸಿ ಓದುತ್ತಿರುವ ನೀವು ಅದಕ್ಕಿಂತ ಹೆಚ್ಚು. ಹಾಗಾಗಿ ನೀವೇ ಎದುರಿಗೆ ಕುಳಿತಿದ್ದೀರಿ ಎಂದು ಭಾವಿಸಿ ಮಾತು ಶುರು ಮಾಡುತ್ತೇನೆ.

2018ರ ಫೆಬ್ರವರಿ 28. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ತಮ್ಮ ಕೋಡ್ ತಂದಿಡುವ ಗಿಟ್‌ಹಬ್ ಎಂಬ ತಾಣ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಬಿತ್ತು. ಸೆಕೆಂಡಿಗೆ 1.35 ಟೆರಾಬಿಟ್ ಪ್ರಮಾಣದ ಪ್ರವಾಹ ಅದರ ಮೇಲೆ ನುಗ್ಗಿತ್ತು. ಐದು ನಿಮಿಷ ಪೂರ್ತಿ ಬಂದ್, ಆಮೇಲೆ ನಾಲ್ಕು ನಿಮಿಷ ಬಿಟ್ಟು ಬಿಟ್ಟು ಬಂದ್. ಈ ಪ್ರವಾಹವನ್ನು ಕಳಿಸಿದ್ದು ಯಾರ ಯಂತ್ರಗಳು? ದಾಳಿಕೋರರದ್ದೇ? ಅಲ್ಲ ಸ್ವಾಮಿ! ನಿಮ್ಮ ನನ್ನಂಥವರು ನಡೆಸುತ್ತಿದ್ದ, ಬಾಗಿಲು ಹಾಕುವುದನ್ನು ಮರೆತಿದ್ದ, ಸಾವಿರಾರು ಕ್ಯಾಶ್ ಸರ್ವರುಗಳು!

ಆದದ್ದು ಇಷ್ಟು. ಮೆಮ್‌ಕ್ಯಾಶ್‌ಡಿ ಎಂಬುದೊಂದು ಕ್ಯಾಶ್ ತಂತ್ರಾಂಶ. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ತಮ್ಮ ಲೈವ್‌ಜರ್ನಲ್ ತಾಣಕ್ಕಾಗಿ ಬರೆದದ್ದು. ಅದು 11211ನೇ ಪೋರ್ಟಿನಲ್ಲಿ, ಯುಡಿಪಿ ದಾರಿಯಲ್ಲೂ ಉತ್ತರ ಕೊಡುತ್ತಿತ್ತು. ಈಗ ಊಹಿಸಿಕೊಳ್ಳಿ: ಯಾರೋ ಒಬ್ಬ ಪುಸ್ತಕದಂಗಡಿಗೆ ಒಂದು ಕಾರ್ಡು ಬರೆದು "ನಿಮ್ಮಲ್ಲಿರುವ ಪುಸ್ತಕವನ್ನೆಲ್ಲ ಕಳಿಸಿ" ಎನ್ನುತ್ತಾನೆ. ಕಳಿಸಿದವರ ವಿಳಾಸ ಎಂಬ ಜಾಗದಲ್ಲಿ ನಿಮ್ಮ ಮನೆಯ ವಿಳಾಸ ಹಾಕುತ್ತಾನೆ. ನಿಮ್ಮ ಬಾಗಿಲಿಗೆ ಲಾರಿ ಬಂದು ನಿಲ್ಲುತ್ತದೆ. ಇಂಥ ಸಾವಿರ ಅಂಗಡಿಗಳಿಗೆ ಕಾರ್ಡು ಬರೆದರೆ? ಕೇಳಿದ್ದಕ್ಕಿಂತ ಐವತ್ತು ಸಾವಿರ ಪಟ್ಟಿನವರೆಗೆ ಉತ್ತರ ಬರುತ್ತಿತ್ತು. ಆ ಘಟನೆಯ ಹೊತ್ತಿನಲ್ಲೇ ಬಂದ ಮೆಮ್‌ಕ್ಯಾಶ್‌ಡಿ 1.5.6ರಲ್ಲಿ ಯುಡಿಪಿಯನ್ನು ತಾನಾಗಿ ತೆರೆಯದಂತೆ ಮಾಡಿದರು.

ಕ್ಯಾಶ್ ಎಂದರೆ ಏನೆಂದು ಹೊಸಬರಿಗೆ ಒಂದು ಮಾತು. ಮನೆಯ ಉಗ್ರಾಣದಲ್ಲಿ ಮೂಟೆ ಇರುತ್ತದೆ, ಒಲೆಯ ಪಕ್ಕದಲ್ಲಿ ಸಾಸಿವೆ ಡಬ್ಬಿ ಇರುತ್ತದೆ. ಪ್ರತಿ ಒಗ್ಗರಣೆಗೂ ಉಗ್ರಾಣಕ್ಕೆ ಓಡುವುದಿಲ್ಲ. ಡೇಟಾಬೇಸ್ ಉಗ್ರಾಣ, ಕ್ಯಾಶ್ ಆ ಡಬ್ಬಿ. ಉಗ್ರಾಣಕ್ಕೆ ಬೀಗ ಹಾಕುವ ಗೃಹಿಣಿ ಸಾಸಿವೆ ಡಬ್ಬಿಗೆ ಬೀಗ ಹಾಕುತ್ತಾಳೆಯೇ? ಇಲ್ಲ, ಅದು ಅಡುಗೆಮನೆಯ ಒಳಗೇ ಇದೆಯಲ್ಲ ಎಂಬ ಧೈರ್ಯ. ಕ್ಯಾಶ್ ತಂತ್ರಾಂಶ ಬರೆದವರದ್ದೂ ಅದೇ ಧೈರ್ಯ. ಆದರೆ ನಾವು ಆ ಡಬ್ಬಿಯನ್ನು ಮೋಡದ ಮೇಲೆ, ಅಂದರೆ ಕ್ಲೌಡಿನಲ್ಲಿ, ಬಾಡಿಗೆ ಮನೆಯಲ್ಲಿ ಇಟ್ಟೆವು. ಅದರೊಳಗೆ ಸಾಸಿವೆಯನ್ನಷ್ಟೇ ಇಡಲಿಲ್ಲ. ಒಳಗೆ ಬಂದಿರುವ ಗಿರಾಕಿಯ ಲಾಗಿನ್ ಗುರುತು, ಮೊಬೈಲಿಗೆ ಕಳಿಸಿದ ಓಟಿಪಿ, ಅರ್ಧ ತುಂಬಿದ ಆರ್ಡರ್, ಎಲ್ಲವೂ ಅಲ್ಲೇ. ಲಾಗಿನ್ ಗುರುತು ಕದ್ದವನಿಗೆ ಪಾಸ್‌ವರ್ಡ್ ಬೇಕಿಲ್ಲ. ಅವನೇ ಆ ಗಿರಾಕಿ!

ಇಂದು ಹೆಚ್ಚು ಬಳಕೆಯಲ್ಲಿರುವ ರೆಡಿಸ್‌ನ ಕಥೆಯೂ ಹೀಗೇ. ಇಟಲಿಯ ಸಿಸಿಲಿಯವರಾದ ಸಾಲ್ವಟೋರ್ ಸ್ಯಾನ್‌ಫಿಲಿಪ್ಪೊ 2009ರಲ್ಲಿ ಹೊರತಂದದ್ದು. ನಂಬಿಕಸ್ಥ ಜಾಲದ ಒಳಗೆ ಮಾತ್ರ ಇರಲಿ ಎಂಬುದು ಅದರ ಮೊದಲ ಷರತ್ತು. ಯಾರು ಓದುತ್ತಾರೆ ಷರತ್ತನ್ನು? 2015ರಲ್ಲಿ ಅವರೇ ಕುಳಿತು, ಬಾಗಿಲು ತೆರೆದ ರೆಡಿಸ್ ಒಂದಕ್ಕೆ ಕೆಲವೇ ಆಜ್ಞೆ ಕೊಟ್ಟು, ತನ್ನ ಎಸ್‌ಎಸ್‌ಎಚ್ ಕೀಲಿಯನ್ನು ಆ ಯಂತ್ರದಲ್ಲೇ ಬರೆಸಿ, ಇಡೀ ಯಂತ್ರದೊಳಗೆ ಹೇಗೆ ನುಗ್ಗಬಹುದೆಂದು ಬಹಿರಂಗವಾಗಿ ತೋರಿಸಿದರು. ತಾನು ಕಟ್ಟಿದ ಮನೆಗೆ ತಾನೇ ಕನ್ನ ಹಾಕಿ ತೋರಿಸುವ ಪ್ರಾಮಾಣಿಕತೆ ಎಷ್ಟು ಜನಕ್ಕಿದೆ ಹೇಳಿ. ಮರುವರ್ಷ 3.2ರ ಆವೃತ್ತಿಯಲ್ಲಿ ರಕ್ಷಣಾ ಸ್ಥಿತಿ ಬಂತು: ಪಾಸ್‌ವರ್ಡ್ ಇಲ್ಲದೆ, ಯಾವ ವಿಳಾಸಕ್ಕೆ ಕಿವಿಗೊಡಬೇಕೆಂದೂ ಹೇಳದೆ ಬಿಟ್ಟರೆ ಹೊರಗಿನವರಿಗೆ ಉತ್ತರವಿಲ್ಲ.

ಅಲ್ಲಿಗೆ ಮುಗಿಯಿತೇ? 2025ರ ಅಕ್ಟೋಬರಿನಲ್ಲಿ ರೆಡಿಶೆಲ್ ಎಂಬ ಹೆಸರಿನ ದೋಷ ಹೊರಬಿತ್ತು. ಹದಿಮೂರು ವರ್ಷದಿಂದ ಕೋಡಿನಲ್ಲಿ ಅಡಗಿ ಕುಳಿತಿದ್ದದ್ದು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು! ಅದನ್ನು ಪತ್ತೆ ಮಾಡಿದ ವಿಜ್ ಸಂಸ್ಥೆ ಎಣಿಸಿದಾಗ ಅಂತರಜಾಲಕ್ಕೆ ಮುಖಮಾಡಿ ನಿಂತಿದ್ದ ರೆಡಿಸ್‌ಗಳು ಸುಮಾರು 3,30,000. ಅದರಲ್ಲಿ ಸುಮಾರು 60,000ಕ್ಕೆ ಪಾಸ್‌ವರ್ಡೇ ಇಲ್ಲ. ತೇಪೆ ಬಂತು, ಹಚ್ಚಿದರು. ಆದರೆ ತೇಪೆ ಬರುವ ಮುಂಚಿನ ಹದಿಮೂರು ವರ್ಷ ಯಾವುದು ಕಾಪಾಡಿತು? ಹೊರಗಿನವನು ಬಾಗಿಲವರೆಗೂ ಬಾರದಂತೆ ತಡೆದ ಗೋಡೆ. ಗೋಡೆ ಇದ್ದವರಿಗೆ ಮಾತ್ರ.

ಆ ಗೋಡೆಯನ್ನು ಕ್ಲೌಡಿನಲ್ಲಿ ಆಜ್ಞಾಸಾಲಿನಿಂದ ಹೇಗೆ ನೋಡುವುದು, ಹೇಗೆ ತೆರೆಯುವುದು, ಹೇಗೆ ಮುಚ್ಚುವುದು? ಎರಡು ಉದಾಹರಣೆ ಕೊಡುತ್ತೇನೆ. ಒಂದು ಅಮೆಜಾನಿನ ಎಲಾಸ್ಟಿಕ್ಯಾಶ್, ಇನ್ನೊಂದು ಮೈಕ್ರೋಸಾಫ್ಟಿನ ಅಜೂರ್ ಕ್ಯಾಶ್ ಫಾರ್ ರೆಡಿಸ್. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಯಂತ್ರಕ್ಕೆ ಮಾತ್ರ ರೋಮನ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಅದು ಯಂತ್ರದ ಹಠ, ನಮ್ಮದಲ್ಲ.

ಪರದೆಯ ಮೇಲೆ ಗುಂಡಿ ಒತ್ತಿದರೂ ಇದೇ ಕೆಲಸ ಆಗುತ್ತದಲ್ಲ, ಆಜ್ಞೆ ಯಾಕೆ ಎಂದು ಒಬ್ಬರು ಕೇಳಿದರು. ಆಗುತ್ತದೆ. ಆದರೆ ಗುಂಡಿ ಒತ್ತಿದ್ದನ್ನು ಪಕ್ಕದವನಿಗೆ ಓದಿ ಹೇಳಲು ಬರುವುದಿಲ್ಲ. ಆಜ್ಞೆಯೆಂದರೆ ಒಂದು ವಾಕ್ಯ. ಬರೆದಿಡಬಹುದು, ಇನ್ನೊಬ್ಬರಿಗೆ ತೋರಿಸಿ ತಪ್ಪು ತಿದ್ದಿಸಿಕೊಳ್ಳಬಹುದು, ನಾಳೆ ಅದನ್ನೇ ಮತ್ತೆ ಓಡಿಸಬಹುದು.

ಮೊದಲು ಅಮೆಜಾನ್. ಅಲ್ಲಿ ಕ್ಯಾಶ್‌ಗೆ ಕಾವಲು ಸೆಕ್ಯುರಿಟಿ ಗ್ರೂಪ್. ಮದುವೆಮನೆಯ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವನು ಎಂದುಕೊಳ್ಳಿ. ಎಡಬ್ಲ್ಯುಎಸ್ ಎಲಾಸ್ಟಿಕ್ಯಾಶ್ ಡಿಸ್ಕ್ರೈಬ್-ಕ್ಯಾಶ್-ಕ್ಲಸ್ಟರ್ಸ್ ಎಂದರೆ ಯಾವ ಕ್ಯಾಶ್‌ಗೆ ಯಾವ ಕಾವಲುಗಾರ ಎಂದು ಹೇಳುತ್ತದೆ. ಎಡಬ್ಲ್ಯುಎಸ್ ಇಸಿ2 ಡಿಸ್ಕ್ರೈಬ್-ಸೆಕ್ಯುರಿಟಿ-ಗ್ರೂಪ್ಸ್ ಎಂದು ಆ ಕಾವಲುಗಾರನ ಗುರುತಿನ ಸಂಖ್ಯೆ ಕೊಟ್ಟರೆ ಅವನ ಕೈಯ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಬ್ಬರನ್ನು ಸೇರಿಸಲು ಆಥರೈಜ್-ಸೆಕ್ಯುರಿಟಿ-ಗ್ರೂಪ್-ಇಂಗ್ರೆಸ್, ತೆಗೆಯಲು ರಿವೋಕ್-ಸೆಕ್ಯುರಿಟಿ-ಗ್ರೂಪ್-ಇಂಗ್ರೆಸ್. ಎರಡಕ್ಕೂ ಹೇಳಬೇಕಾದ್ದು ಮೂರು: ಟಿಸಿಪಿ ಎಂಬ ದಾರಿ, ಪೋರ್ಟ್ 6379, ಮತ್ತು ಬರುವವರು ಯಾರು ಎಂಬುದು.

ಈ ಮೂರನೆಯದರಲ್ಲೇ ಇದೆ ಎಲ್ಲ ಗುಟ್ಟು. ಬರುವವರನ್ನು ವಿಳಾಸದಿಂದ ಹೇಳಬಹುದು, ಅಥವಾ ಇನ್ನೊಂದು ಸೆಕ್ಯುರಿಟಿ ಗ್ರೂಪಿನ ಹೆಸರಿನಿಂದ ಹೇಳಬಹುದು. "ನನ್ನ ಅಪ್ಲಿಕೇಶನ್ ಸರ್ವರುಗಳ ಗುಂಪಿನಲ್ಲಿರುವವರಿಗೆ ಮಾತ್ರ" ಎಂದು ಸೋರ್ಸ್-ಗ್ರೂಪ್ ಕೊಡುವುದು ಉತ್ತಮ. ಸರ್ವರ್ ಹೋಗಿ ಹೊಸದು ಬಂದರೂ ಪಟ್ಟಿ ತಿದ್ದಬೇಕಿಲ್ಲ. ವಿಳಾಸ ಕೊಡುವವರು ಓರೆಗೆರೆಯ ಮುಂದಿನ ಸಂಖ್ಯೆಯನ್ನು ಕಣ್ಣಿಟ್ಟು ನೋಡಿ. /32 ಎಂದರೆ ಒಂದೇ ಮನೆ. /24 ಎಂದರೆ 256 ಮನೆ. ಸಂಖ್ಯೆ ಸಣ್ಣದಾದಷ್ಟೂ ಬಾಗಿಲು ದೊಡ್ಡದು! 0.0.0.0/0 ಎಂದರೆ ಭೂಮಿಯ ಮೇಲಿನ ಸಮಸ್ತರೂ. ಎಲಾಸ್ಟಿಕ್ಯಾಶ್‌ಗೆ ಸಿಗುವುದು ಖಾಸಗಿ ವಿಳಾಸವಾದ್ದರಿಂದ ಇಷ್ಟು ತೆರೆದರೂ ಅಂತರಜಾಲದವರು ನೇರ ಬರಲಾರರು, ನಿಜ. ಆದರೆ ನಿಮ್ಮದೇ ಜಾಲದೊಳಗೆ ಹೇಗೋ ನುಸುಳಿದ ಒಬ್ಬನಿಗೆ ಅಷ್ಟು ಸಾಕು. ಸ್ವತಃ ಕಟ್ಟಿಕೊಳ್ಳುವ ಕ್ಲಸ್ಟರಿನಲ್ಲಿ ನೀವಾಗಿ ಹಾಕದ ಹೊರತು ಪಾಸ್‌ವರ್ಡ್ ಇರುವುದಿಲ್ಲ. ಕಾವಲುಗಾರನ ಪಟ್ಟಿಯೇ ಅಲ್ಲಿ ಏಕೈಕ ಬೀಗ.

ಆ ಪಟ್ಟಿ ಖಾಲಿ ಇದ್ದರೆ? ಪರದೆಯ ಮೇಲೆ ಎರಡು ಚೌಕ ಕಂಸ ಮಾತ್ರ ಕಾಣುತ್ತದೆ, ಹೀಗೆ: [ ]. ಅರ್ಥ: ಯಾರಿಗೂ ಪ್ರವೇಶವಿಲ್ಲ. ಹೆಸರಿಲ್ಲದವನು ಹೊರಗೆ.

ಈಗ ಅಜೂರ್‌ಗೆ ಬನ್ನಿ. ಎಝಡ್ ರೆಡಿಸ್ ಫೈರ್‌ವಾಲ್-ರೂಲ್ಸ್ ಲಿಸ್ಟ್ ಎಂದು ಬರೆದು ಕ್ಯಾಶ್‌ನ ಹೆಸರು, ರಿಸೋರ್ಸ್ ಗ್ರೂಪಿನ ಹೆಸರು ಕೊಟ್ಟರೆ ಪಟ್ಟಿ ಬರುತ್ತದೆ. ಸೇರಿಸಲು ಕ್ರಿಯೇಟ್, ತೆಗೆಯಲು ಡಿಲೀಟ್. ಪ್ರತಿ ನಿಯಮಕ್ಕೂ ಒಂದು ಹೆಸರು, ಒಂದು ಆರಂಭದ ವಿಳಾಸ, ಒಂದು ಕೊನೆಯ ವಿಳಾಸ. ಸರಳವಾಗಿದೆ. ಇಲ್ಲಿಯೂ ಪಟ್ಟಿ ಖಾಲಿ ಇದ್ದರೆ ಅದೇ ಎರಡು ಚೌಕ ಕಂಸ: [ ].

ಅರ್ಥ ಮಾತ್ರ ತದ್ವಿರುದ್ಧ! ಸಾರ್ವಜನಿಕ ಪ್ರವೇಶವನ್ನೇ ಬೇರೆಯಾಗಿ ಮುಚ್ಚಿರದಿದ್ದರೆ, ನಿಯಮ ಒಂದೂ ಇಲ್ಲ ಎಂದರೆ ತಡೆ ಒಂದೂ ಇಲ್ಲ ಎಂದೇ. ಕೀಲಿ ಕೈಯಲ್ಲಿರುವ ಯಾರು ಬೇಕಾದರೂ ಜಗತ್ತಿನ ಎಲ್ಲಿಂದ ಬೇಕಾದರೂ ಬರಬಹುದು. ಮೊದಲ ನಿಯಮ ಬರೆದ ಕ್ಷಣದಿಂದ ಮಾತ್ರ ಉಳಿದವರಿಗೆ ಬಾಗಿಲು ಮುಚ್ಚುತ್ತದೆ.

ಇದರಿಂದ ಎರಡು ಎಡವಟ್ಟು ಹುಟ್ಟುತ್ತವೆ. ರಾತ್ರಿ ತುರ್ತಿನಲ್ಲಿ ನಿಮ್ಮ ಮನೆಯ ವಿಳಾಸಕ್ಕೆ ಅನುಮತಿ ಕೊಡೋಣವೆಂದು ಮೊದಲ ನಿಯಮ ಬರೆಯುತ್ತೀರಿ. ಅಷ್ಟರವರೆಗೆ ಸುಮ್ಮನೆ ಓಡಾಡುತ್ತಿದ್ದ ನಿಮ್ಮದೇ ಅಪ್ಲಿಕೇಶನ್ ಸರ್ವರ್ ಹೊರಗೆ ಉಳಿಯುತ್ತದೆ! ತಾಣ ಬಿದ್ದುಹೋಗುತ್ತದೆ. ಹಾಗಾಗಿ ಮೊದಲ ನಿಯಮ ಯಾವಾಗಲೂ ಸರ್ವರ್ ಹೊರಹೋಗುವ ವಿಳಾಸಕ್ಕೆ ಇರಬೇಕು, ನಿಮಗಲ್ಲ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕ್ಯಾಶ್ ಇನ್ನು ಬೇಡ, ಎಲ್ಲ ನಿಯಮ ಅಳಿಸಿದರೆ ಎಲ್ಲರೂ ಹೊರಗಾದಂತೆ ಎಂದು ಅಮೆಜಾನಿನಲ್ಲಿ ಪಳಗಿದ ಕೈ ಕೊನೆಯ ನಿಯಮವನ್ನೂ ಅಳಿಸುತ್ತದೆ. ಬಾಗಿಲು ಹಾರುಹೊಡೆದು ತೆರೆದುಕೊಳ್ಳುತ್ತದೆ. ತಾಣ ಬೀಳುವುದಿಲ್ಲ, ಯಾರೂ ಫೋನ್ ಮಾಡುವುದಿಲ್ಲ. ತಪ್ಪು ಸದ್ದು ಮಾಡದಿದ್ದರೆ ಅದರಷ್ಟು ಅಪಾಯಕಾರಿ ಬೇರೆ ಇಲ್ಲ. ಅಂಥ ಹೊತ್ತಿನಲ್ಲಿ ಎಝಡ್ ರೆಡಿಸ್ ಶೋ ಎಂದು ಕೇಳಿ, ಪಬ್ಲಿಕ್-ನೆಟ್‌ವರ್ಕ್-ಆಕ್ಸೆಸ್ ಎಂಬ ಸಾಲಿನಲ್ಲಿ ಡಿಸೇಬಲ್ಡ್ ಎಂದಿದೆಯೇ ನೋಡಿ.

(ಅಜೂರ್ ಕ್ಯಾಶ್ ಫಾರ್ ರೆಡಿಸ್‌ನ ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ದರ್ಜೆಗಳನ್ನು 2028ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಮುಂದಿನ ಸೇವೆಗೆ ಹೋಗುವವರು ಅಲ್ಲಿನ ಬಾಗಿಲ ಪದ್ಧತಿಯನ್ನು ಹೊಸದಾಗಿ ಓದಬೇಕು. ಹಳೆಯ ಅಭ್ಯಾಸ ಹೊತ್ತುಕೊಂಡು ಹೋಗಬೇಡಿ.)

ಖಾಲಿ ಪಟ್ಟಿಗೆ ಮೂರನೆಯ ಅರ್ಥವೂ ಒಂದಿದೆ. ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಟೈಪ್ ಮಾಡುತ್ತೀರಿ. ಅಮೆಜಾನಿನ ಯಂತ್ರಗಳಿರುವುದು ಮುಂಬಯಿ ವಲಯದಲ್ಲಿ, 2016ರಿಂದ. ಹೈದರಾಬಾದ್ ವಲಯ 2022ರಲ್ಲಿ ಸೇರಿತು. ಮುಂಬಯಿಗೆ ಎಪಿ-ಸೌತ್-1, ಹೈದರಾಬಾದಿಗೆ ಎಪಿ-ಸೌತ್-2 ಎಂದು ಹೆಸರು. ಡಿಸ್ಕ್ರೈಬ್ ಆಜ್ಞೆ ಒಂದು ಸಲಕ್ಕೆ ಒಂದು ವಲಯವನ್ನು ಮಾತ್ರ ನೋಡುತ್ತದೆ. ನಿಮ್ಮ ಕ್ಯಾಶ್ ಮುಂಬಯಿಯಲ್ಲಿದ್ದು ನೀವು ಹೈದರಾಬಾದಿನ ಬಾಗಿಲು ತಟ್ಟಿದರೆ ಅದು "ತಪ್ಪು ಊರು" ಎಂದು ಹೇಳುವುದಿಲ್ಲ. ಮರ್ಯಾದೆಯಿಂದ [ ] ಎಂದು ಕೊಟ್ಟು ಸುಮ್ಮನಾಗುತ್ತದೆ. "ನಮ್ಮಲ್ಲಿ ಕ್ಯಾಶೇ ಇಲ್ಲ, ತೊಂದರೆ ಇಲ್ಲ" ಎಂದು ವರದಿ ಬರೆದು ಚಹಾ ಕುಡಿಯಲು ಹೋದವರಿದ್ದಾರೆ! ಪ್ರತಿ ಆಜ್ಞೆಯ ಜೊತೆ ರೀಜನ್ ಹೆಸರನ್ನು ಬಾಯಿಬಿಟ್ಟು ಹೇಳಿ. ಅಜೂರ್‌ನಲ್ಲಿ ಇದೇ ಮೋಸ ಸಬ್‌ಸ್ಕ್ರಿಪ್ಶನ್ ಅದಲು ಬದಲಾದಾಗ ಆಗುತ್ತದೆ.

ಒಂದೇ ಗುರುತು, ಮೂರು ಅರ್ಥ. ಯಾರೂ ಇಲ್ಲ, ಎಲ್ಲರೂ ಇದ್ದಾರೆ, ನೀನು ನೋಡುತ್ತಿರುವುದು ಬೇರೆ ಮನೆ!

ಇನ್ನು ನನ್ನ ಮನೆಯ ಕಥೆ. ಪಟ್ಟಿ ಖಾಲಿ ಇಲ್ಲದಿದ್ದಾಗಲೂ ಅದನ್ನು ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ. ಹೇಳಲು ನಾಚಿಕೆ, ಆದರೆ ಹೇಳದೆ ಉಪದೇಶ ಮಾಡುವ ಹಕ್ಕು ನನಗಿಲ್ಲ.

ನಾನು ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದೆ. 2021, ಎಲ್ಲರೂ ಮನೆಯಿಂದ ಕೆಲಸ. ಒಂದು ರಾತ್ರಿ ಹನ್ನೊಂದು ಗಂಟೆಗೆ ಕ್ಯಾಶ್‌ನಲ್ಲಿ ಹಳೆಯ ಬೆಲೆಗಳು ಅಂಟಿಕೊಂಡು ಕುಳಿತವು. ಬೆಳಿಗ್ಗೆ ಅಂಗಡಿ ತೆರೆಯುವುದರೊಳಗೆ ತೆಗೆಯಬೇಕು. ಮನೆಯ ಇಂಟರ್‌ನೆಟ್ಟಿನ ವಿಳಾಸ ನೋಡಿದೆ, /32 ಹಾಕಿದೆ, ನಿಯಮಕ್ಕೆ "ಟೆಂಪ್" ಎಂದು ಹೆಸರಿಟ್ಟೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದೇ ಮನೆಗೆ ತಾನೇ ಕೊಟ್ಟದ್ದು, ಬೆಳಿಗ್ಗೆ ತೆಗೆದರಾಯಿತು ಎಂದು ಮಲಗಿದೆ.

ಐದು ತಿಂಗಳ ಮೇಲೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಪಟ್ಟಿ ತೆಗೆದು ಓದಿ ಕೇಳಿದಳು, "ಸರ್, ಈ ಟೆಂಪ್ ಯಾರು?"

ನಾನೇ! ಆದರೆ ನಾನಾಗಿ ಉಳಿದಿರಲಿಲ್ಲ. ಅಂದು ನನ್ನ ಮನೆಗೆ ಇದ್ದ ವಿಳಾಸ ಅಷ್ಟರಲ್ಲಿ ಬದಲಾಗಿತ್ತು. ಆ ಹಳೆಯ ವಿಳಾಸ ಈಗ ಯಾರದೋ. ಇನ್ನೂ ಕೆದಕಿದಾಗ ತಿಳಿಯಿತು, ಅಂದೂ ಅದು ನನ್ನೊಬ್ಬನದಾಗಿರಲಿಲ್ಲ. ವಿಳಾಸಗಳ ಬರಗಾಲದಿಂದ ಇಂಟರ್‌ನೆಟ್ ಕೊಡುವವರು ಒಂದೇ ಹೊರವಿಳಾಸದ ಹಿಂದೆ ಎಷ್ಟೋ ಮನೆಗಳನ್ನು ಕೂರಿಸುತ್ತಾರೆ. ನಿಮ್ಮದೂ ಹಾಗೆಯೇ ಎಂದು ನೋಡಬೇಕೆ? ಮನೆಯ ರೌಟರಿನೊಳಗೆ ಹೋಗಿ ಹೊರಮುಖದ ವಿಳಾಸ ಓದಿ. ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿ ಶುರುವಾಗಿದ್ದರೆ ನೀವು ವಠಾರದಲ್ಲಿದ್ದೀರಿ. /32 ಎಂದು ಒಂದೇ ಮನೆಗೆ ಕೊಟ್ಟ ಅನುಮತಿ ನಿಜವಾಗಿ ಇಡೀ ವಠಾರಕ್ಕೆ ಕೊಟ್ಟದ್ದು.

ಯಾರಾದರೂ ಬಂದಿದ್ದರೇ? ಮಾಲೀಕರು ಕೇಳಿದ್ದು ಅದೊಂದೇ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಆಜ್ಞೆಯನ್ನು ಯಾರು ಕೊಟ್ಟರು ಎಂಬ ದಾಖಲೆಯನ್ನು ಬೇರೆ ಕಡೆ ತುಂಬಿಡದಿದ್ದರೆ ಅಮೆಜಾನಿನಲ್ಲೂ ಅಜೂರ್‌ನಲ್ಲೂ ನೋಡಸಿಗುವುದು 90 ದಿನದ್ದು ಮಾತ್ರ. ನಾವು ತುಂಬಿಟ್ಟಿರಲಿಲ್ಲ. ಯಾವ ವಿಳಾಸದಿಂದ ಯಾರು ಸಂಪರ್ಕಿಸಿದರು ಎಂಬುದನ್ನಂತೂ ಬರೆದಿಡುವ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಕಳ್ಳತನ ಆಗಿದೆ ಎನ್ನಲು ಪುರಾವೆ ಇಲ್ಲ, ಆಗಿಲ್ಲ ಎನ್ನಲೂ ಪುರಾವೆ ಇಲ್ಲ. ಕೀಲಿ ಬದಲಾಯಿಸಿದೆವು. ಇದ್ದ ಲಾಗಿನ್‌ಗಳನ್ನೆಲ್ಲ ಅಳಿಸಿದೆವು. ಮರುದಿನ ಬೆಳಿಗ್ಗೆ ಏಳು ಗಂಟೆಯಿಂದ ಅಂಗಡಿಯವರ ಫೋನು: "ಸಿಸ್ಟಮ್ ಹೊರಗೆ ಹಾಕಿಬಿಟ್ಟಿದೆ, ಪಾಸ್‌ವರ್ಡ್ ಮರೆತಿದೆ, ಗಿರಾಕಿ ನಿಂತಿದ್ದಾರೆ." ಒಬ್ಬೊಬ್ಬರಿಗೂ ನಾನೇ ಉತ್ತರ ಹೇಳಿದೆ. ಹೇಳಲೇಬೇಕಿತ್ತು.

ಅಂದಿನಿಂದ ನಾನು ಪಾಲಿಸುತ್ತಿರುವುದು ಹೀಗೆ. ತೆರೆಯುವ ಆಜ್ಞೆ ಟೈಪ್ ಮಾಡುವ ಮೊದಲು ಮುಚ್ಚುವ ಆಜ್ಞೆಯನ್ನು ಟೈಪ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ನಿಯಮಕ್ಕೆ ಟೆಂಪ್ ಎಂಬ ಅನಾಥ ಹೆಸರಿಡುವುದಿಲ್ಲ. ಯಾರು ತೆರೆದದ್ದು, ಯಾವ ತಾರೀಖಿಗೆ ಮುಚ್ಚಬೇಕು ಎಂಬುದು ಹೆಸರಿನಲ್ಲೇ ಇರುತ್ತದೆ. ಅಜೂರ್‌ನಲ್ಲಿ ನಿಯಮದ ಹೆಸರಿಗೆ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಒಗ್ಗುತ್ತವೆ, ಅಷ್ಟು ಸಾಕು. ಅಮೆಜಾನಿನಲ್ಲಿ ನಿಯಮದ ಜೊತೆ ವಿವರಣೆ ಬರೆಯಲು ಜಾಗವಿದೆ, ಖಾಲಿ ಬಿಡಬೇಡಿ. ಮನೆಯಿಂದ ನೇರ ಕ್ಯಾಶ್‌ಗೆ ಹೋಗುವುದನ್ನಂತೂ ಬಿಟ್ಟೇಬಿಟ್ಟೆ. ಜಾಲದೊಳಗಿನ ಒಂದು ಯಂತ್ರಕ್ಕೆ ಹೋಗಿ, ಅಲ್ಲಿಂದ ಕ್ಯಾಶ್‌ಗೆ. ತಿಂಗಳಿಗೊಮ್ಮೆ ಎಲ್ಲ ವಲಯಗಳ ಪಟ್ಟಿ ತೆಗೆದು ಒಬ್ಬರು ಓದುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಹಳ್ಳಿ ಶಾಲೆಯ ಹಾಜರಿಯಂತೆ.

ಕೂಟದ ಕೊನೆಗೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. "ರಿವೋಕ್ ಮಾಡಿದ ಕ್ಷಣ ಒಳಗಿದ್ದವನು ಹೊರಬೀಳುತ್ತಾನೆಯೇ?" ಒಳ್ಳೆಯ ಪ್ರಶ್ನೆ. ಅಮೆಜಾನಿನಲ್ಲಿ ಬೀಳುವುದಿಲ್ಲ! ಸೆಕ್ಯುರಿಟಿ ಗ್ರೂಪ್ ಹೊಸದಾಗಿ ಬರುವವರನ್ನು ತಡೆಯುತ್ತದೆ. ಆಗಲೇ ಒಳಗೆ ಬಂದು ಮಾತಿನಲ್ಲಿರುವವನ ಸಂಪರ್ಕವನ್ನು ಆ ಗಳಿಗೆಗೇ ಕತ್ತರಿಸುವುದಿಲ್ಲ. ಅದಕ್ಕೆ ರೆಡಿಸ್‌ನೊಳಗೇ ಹೋಗಿ ಕ್ಲೈಂಟ್ ಲಿಸ್ಟ್ ಎಂದು ಕೇಳಬೇಕು. ಒಳಗಿರುವ ಒಬ್ಬೊಬ್ಬರ ವಿಳಾಸ, ಪೋರ್ಟ್, ಎಷ್ಟು ಸೆಕೆಂಡಿನಿಂದ ಇದ್ದಾರೆ ಎಂಬುದೆಲ್ಲ ಸಾಲು ಸಾಲಾಗಿ ಬರುತ್ತದೆ. ನಿಮ್ಮದಲ್ಲದ ವಿಳಾಸ ಕಂಡರೆ ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಕ್ಲೈಂಟ್ ಕಿಲ್ ಎಂದು ಆ ವಿಳಾಸ ಮತ್ತು ಪೋರ್ಟ್ ಕೊಡಿ. ನಿಯಮ ತೆಗೆಯುವ ಮೊದಲೇ ಕಿಲ್ ಮಾಡಿದರೆ ಅವನು ತೆರೆದ ಬಾಗಿಲಿನಿಂದ ಮತ್ತೆ ಬರುತ್ತಾನೆ. ಆದ್ದರಿಂದ ಮೊದಲು ರಿವೋಕ್, ನಂತರ ಕಿಲ್, ನಂತರ ಮತ್ತೊಮ್ಮೆ ಕ್ಲೈಂಟ್ ಲಿಸ್ಟ್.